ಬಿಲ್ಲಿಂಗ್ ಸಾಫ್ಟ್‌ವೇರ್ ಚೆನ್ನಾಗಿದೆ, ಮೊದಲ ದಿನ ಮಾತ್ರ ನಮ್ಮನ್ನು ಅಂಡಮಾನಿಗೆ ಕಳಿಸಿತು

ಮೂರು ತಿಂಗಳು ಬಳಸಿದ ಮೇಲೆ ಬರೆಯುತ್ತಿದ್ದೇನೆ. ಮೊದಲ ದಿನವೇ ಬರೆದಿದ್ದರೆ ಬರೀ ಬೈಗುಳ ಇರುತ್ತಿತ್ತು.

ಡೊಂಬಿವ್ಲಿ ಪೂರ್ವದಲ್ಲಿ ನಮ್ಮ ಮಾವನ ಹೋಟೆಲ್ ಇದೆ. ಸ್ಟೇಷನ್ನಿಂದ ನಡೆದರೆ ಏಳೆಂಟು ನಿಮಿಷ. ಇಡ್ಲಿ, ವಡೆ, ದೋಸೆ, ಮಧ್ಯಾಹ್ನ ಊಟ, ಸಂಜೆ ಪಾವ್‌ಭಾಜಿ, ಅಂದರೆ ಮುಂಬೈ ಕಡೆಯ ಉಡುಪಿ ಹೋಟೆಲ್ಲಿನಲ್ಲಿ ಏನೇನು ಇರಬೇಕೋ ಅಷ್ಟೂ. ಗಲ್ಲಾದಲ್ಲಿ ಹತ್ತು ವರ್ಷದಿಂದ ಒಂದು ಹಳೇ ಬಿಲ್ಲಿಂಗ್ ಮೆಷಿನ್ ಇತ್ತು. ಅದು ಸತ್ತಿತು. ಸಿಎ ಹೇಳಿದರು, ಇನ್ನು ಕಂಪ್ಯೂಟರ್ ಮೇಲೆ ಹಾಕಿ, ಲೆಕ್ಕ ಕೊಡುವುದು ನಿಮಗೂ ಸುಲಭ, ನನಗೂ ಸುಲಭ ಅಂತ. ಮಾವ ನನಗೆ ಫೋನ್ ಮಾಡಿದರು. ನಾನು ಐರೋಲಿಯಲ್ಲಿ ಕೋಡ್ ಬರೆಯುವವನು, ಹಾಗಾಗಿ ಮನೆಯವರ ಪ್ರಕಾರ ಪ್ರಿಂಟರ್, ಟೀವಿ ರಿಮೋಟ್, ಗೀಸರ್ ಎಲ್ಲ ನನ್ನ ಡಿಪಾರ್ಟ್‌ಮೆಂಟ್.

ಸಾಫ್ಟ್‌ವೇರಿನ ಹೆಸರು ಬರೆಯುವುದಿಲ್ಲ. ಬರೆದರೆ ಜನ ಅದೊಂದನ್ನೇ ಬೈದು ಸುಮ್ಮನಾಗುತ್ತಾರೆ. ಈ ರೋಗ ಇನ್ನೂ ಎಷ್ಟೋ ಸಾಫ್ಟ್‌ವೇರುಗಳಿಗಿದೆ, ನಾನೇ ಆಫೀಸಿನಲ್ಲಿ ಬರೆದ ಒಂದೆರಡಕ್ಕೂ ಇತ್ತು ಅಂತ ಈಗ ಒಪ್ಪಿಕೊಳ್ಳುತ್ತೇನೆ. ವರ್ಷಕ್ಕೆ ಸುಮಾರು ಏಳು ಸಾವಿರ ಕೊಡುವ, ಹೋಟೆಲ್ಲಿಗೆಂದೇ ಮಾಡಿದ ವಿಂಡೋಸ್ ಸಾಫ್ಟ್‌ವೇರ್ ಅಂತ ಇಟ್ಟುಕೊಳ್ಳಿ. ನನಗೆ ಹೇಳಬೇಕಿರುವುದು ಅದನ್ನು ಮೊದಲ ಸಲ ತೆರೆದಾಗ ಏನಾಗುತ್ತದೆ ಅನ್ನುವುದರ ಬಗ್ಗೆ. ಉಳಿದದ್ದು ಚೆನ್ನಾಗಿಯೇ ಇದೆ.

ಜುಲೈ ತಿಂಗಳ ಒಂದು ಭಾನುವಾರ ರಾತ್ರಿ ಹತ್ತೂವರೆಗೆ, ಶಟರ್ ಅರ್ಧ ಎಳೆದ ಮೇಲೆ ಕೂತೆವು. ಡೌನ್‌ಲೋಡ್ ಮಾಡಿದ ಫೈಲ್ ಒತ್ತಿದ ಕೂಡಲೇ ವಿಂಡೋಸ್ ನೀಲಿ ಪರದೆ ಹಿಡಿದು, ಇದು ಯಾರದೋ ಗೊತ್ತಿಲ್ಲ, ಬೇಡ ಅಂತು. ಇದಕ್ಕೆ ಗಾಬರಿ ಬೇಡ, ಸಹಿ ಇಲ್ಲದ ಅಥವಾ ಹೆಚ್ಚು ಜನ ಇಳಿಸಿಕೊಳ್ಳದ ಪ್ರೋಗ್ರಾಮ್ ಆದರೆ ಸ್ಮಾರ್ಟ್‌ಸ್ಕ್ರೀನ್ ಹಾಗೆ ತಡೆಯುತ್ತದೆ, ಮೋರ್ ಇನ್ಫೋ ಒತ್ತಿದರೆ ದಾರಿ ಬಿಡುತ್ತದೆ. ಆದರೆ ದುಡ್ಡು ಕೊಟ್ಟು ತಂದ ಸಾಮಾನಿನ ಮೊದಲ ಮಾತೇ ಎಚ್ಚರಿಕೆ ಆದರೆ ಮಾವನಂಥವರ ಮುಖ ಹೇಗಾಗುತ್ತದೆ ಹೇಳಿ. "ಎಂತ ಮಾರಾಯ, ಕಳ್ಳ ಮಾಲಾ?" ಅಂದರು.

ಆಮೇಲೆ 'ಸ್ವಾಗತ' ಅಂತ ಒಂದು ದೊಡ್ಡ ಕಿಟಕಿ. ಹನ್ನೊಂದು ಪುಟ. ಹನ್ನೊಂದು! ಕೆಳಗೆ ನೆಕ್ಸ್ಟ್ ಬಟನ್ ಇದೆ, ಬ್ಯಾಕ್ ಇದೆ, 'ಆಮೇಲೆ ಮಾಡುತ್ತೇನೆ' ಅನ್ನುವುದಿಲ್ಲ.

ಮೂರನೇ ಪುಟದಲ್ಲಿ ಜಿಎಸ್‌ಟಿ ನಂಬರ್ ಕೇಳಿತು. ಹಾಕಿದೆ. ನಾಲ್ಕನೇ ಪುಟದಲ್ಲಿ ಪ್ಯಾನ್ ಕೇಳಿತು. ಐದನೇದರಲ್ಲಿ ರಾಜ್ಯ ಯಾವುದು ಅಂತ ಕೇಳಿತು. ಇಲ್ಲಿ ಸ್ವಲ್ಪ ನಿಲ್ಲುತ್ತೇನೆ, ಯಾಕಂದರೆ ಇಡೀ ಕಥೆಯ ಬೇರು ಈ ಐದನೇ ಪುಟದಲ್ಲೇ ಇದೆ. ಜಿಎಸ್‌ಟಿ ನಂಬರಿಗೆ 15 ಅಕ್ಷರ. ಮೊದಲ ಎರಡು ಅಂಕಿ ರಾಜ್ಯದ್ದು, ಮಹಾರಾಷ್ಟ್ರಕ್ಕೆ 27, ನಮ್ಮ ಕರ್ನಾಟಕಕ್ಕೆ 29, ಗೋವಾಕ್ಕೆ 30. ಅದರ ಮುಂದಿನ ಹತ್ತು ಅಕ್ಷರ ಪ್ಯಾನೇ. ಕೊನೆಯದು ತಪ್ಪು ಹಿಡಿಯುವುದಕ್ಕೆ ಇರುವ ಅಕ್ಷರ. ಅಂದರೆ ಒಂದು ನಂಬರ್ ಕೊಟ್ಟರೆ ಎರಡು ಪುಟದ ಉತ್ತರ ಅದರೊಳಗೇ ಇದೆ, ನಂಬರ್ ಟೈಪ್ ಮಾಡುವಾಗ ಬೆರಳು ಜಾರಿದ್ದರೆ ಅದನ್ನೂ ಹೇಳಬಹುದು. ಇದು ಹೇಳಲಿಲ್ಲ. ನಾನು ಬೇಕೆಂದೇ ಒಂದು ಅಕ್ಷರ ತಪ್ಪು ಹಾಕಿ ನೋಡಿದೆ, ಖುಷಿಯಾಗಿ ನುಂಗಿತು.

ರಾಜ್ಯದ ಪಟ್ಟಿ ಇಂಗ್ಲಿಷ್ ಅಕ್ಷರದ ಸಾಲಿನಲ್ಲಿದೆ. ಹಾಗಾಗಿ ಮುಟ್ಟದೆ ಬಿಟ್ಟರೆ ಮೊದಲನೆಯದೇ ಆಯ್ಕೆ, ಅಂಡಮಾನ್ ಮತ್ತು ನಿಕೋಬಾರ್. ನಾನು ಮಹಾರಾಷ್ಟ್ರ ಹಾಕಿದೆ. ನಕ್ಕೆ ಕೂಡ. ನಗಬಾರದಿತ್ತು.

ಕೇಳಬೇಕಾದ್ದನ್ನು ಕೇಳಿತಾ ಅಂದರೆ, ಇಲ್ಲ. ಬಣ್ಣ ಯಾವುದು ಬೇಕು ಅಂತ ಒಂದು ಪುಟ. ಲೋಗೋ ಹಾಕಿ ಅಂತ ಇನ್ನೊಂದು. ಹೊಸ ಬಿಲ್ ಯಾವ ನಂಬರಿನಿಂದ ಶುರುವಾಗಬೇಕು? ಅದಕ್ಕೆ ಪುಟವೇ ಇಲ್ಲ. ಹಳೇ ಮೆಷಿನ್ ಬಿಟ್ಟು ವರ್ಷದ ಮಧ್ಯೆ ಬರುವವರಿಗೆ ಇದಕ್ಕಿಂತ ದೊಡ್ಡ ಪ್ರಶ್ನೆ ಯಾವುದಿದೆ? ಏಪ್ರಿಲ್ 1ರಿಂದ ಮಾರ್ಚ್ 31ರ ಒಳಗೆ ಒಂದು ನಂಬರ್ ಎರಡು ಸಲ ಬರುವಂತಿಲ್ಲ, ಸಾಲಾಗಿಯೇ ಹೋಗಬೇಕು, 16 ಅಕ್ಷರ ದಾಟಬಾರದು ಅಂತ ಜಿಎಸ್‌ಟಿ ನಿಯಮವೇ ಇದೆ. ಅದನ್ನು ಬದಲಿಸುವ ಜಾಗ ಇದೆ, ಸೆಟ್ಟಿಂಗ್ಸಿನ ಒಳಗೆ, ಅದರ ಒಳಗೆ, 'ಅಡ್ವಾನ್ಸ್ಡ್' ಅನ್ನುವುದರ ಒಳಗೆ. ಸಿಗಲು ನನಗೇ ಇಪ್ಪತ್ತು ನಿಮಿಷ ಬೇಕಾಯಿತು.

ಒಂಬತ್ತನೇ ಪುಟ ಮೆನು. ಮಾವನ ಮಗಳು ಎಕ್ಸೆಲ್‌ನಲ್ಲಿ 142 ಐಟಮ್ ಹಾಕಿಕೊಟ್ಟಿದ್ದಳು, ಅದನ್ನು ಕೊಟ್ಟೆ. ಒಂದೊಂದೇ ಹೆಸರು ತೋರಿಸುತ್ತಾ ತೆವಳತೊಡಗಿತು. ಹೊರಗೆ ಮಳೆ. ಮಾವ ಕಟಿಂಗ್ ಚಹಾ ಎರಡು ತಂದಿಟ್ಟರು. ಮೈಸೂರು ಮಸಾಲಾ ಅಂತ ಬಂದ ಹೊತ್ತಿಗೆ ಕರೆಂಟ್ ಹೋಯಿತು. ಯುಪಿಎಸ್ ಇದೆ, ಆದರೆ ಅದರ ಬ್ಯಾಟರಿ ಸತ್ತು ವರ್ಷವಾಗಿದೆ, ಈಗ ಅದರ ಮೇಲೆ ಗಣಪತಿ ಫೋಟೋ ಮತ್ತು ಊದುಬತ್ತಿ ಸ್ಟ್ಯಾಂಡ್ ಕೂತಿವೆ.

ಕರೆಂಟ್ ಬಂದ ಮೇಲೆ ತೆರೆದರೆ ಸ್ವಾಗತವೂ ಇಲ್ಲ, ಪುಟವೂ ಇಲ್ಲ. ಏನೂ ಆಗಿಲ್ಲ ಎನ್ನುವಂತೆ ನೇರವಾಗಿ ಬಿಲ್ ಪರದೆ. ಮೆನುವಿನಲ್ಲಿ 61 ಐಟಮ್. ಊಟವೇ ಇಲ್ಲ, ಪಾವ್‌ಭಾಜಿ ಇಲ್ಲ, ಚಹಾ ಇಲ್ಲ. ಚಹಾ ಇಲ್ಲದ ಹೋಟೆಲ್! ಹತ್ತು ಮತ್ತು ಹನ್ನೊಂದನೇ ಪುಟದಲ್ಲಿ ಏನು ಕೇಳಬೇಕೆಂದಿತ್ತೋ ಆ ರಾತ್ರಿ ನನಗೆ ಗೊತ್ತಾಗಲಿಲ್ಲ. ಎಕ್ಸೆಲ್ ಫೈಲನ್ನು ಮತ್ತೆ ಕೊಟ್ಟೆ. 142 ಸೇರಿತು, ಒಟ್ಟು 203. ಇಡ್ಲಿ ಎರಡು ಸಲ, ವಡೆ ಎರಡು ಸಲ, ಮೈಸೂರು ಮಸಾಲಾ ತನಕ ಎಲ್ಲ ಜೋಡಿ ಜೋಡಿ. ಕೂತು ಕೈಯಲ್ಲಿ ಅಳಿಸಿದೆ.

ಇದು ಯಾಕೆ ಹೀಗೆ ಅಂತ ನನಗೆ ಕೂಡಲೇ ಹೊಳೆಯಿತು, ಯಾಕಂದರೆ ನಾನೂ ಹೀಗೇ ಬರೆದವನು. ಪ್ರೋಗ್ರಾಮ್ ಏಳುವಾಗ ಒಂದು ಸೆಟ್ಟಿಂಗ್ ಫೈಲ್ ಇದೆಯಾ ನೋಡುತ್ತದೆ. ಇಲ್ಲದಿದ್ದರೆ ಇದು ಮೊದಲ ಸಲ ಅಂತ ಲೆಕ್ಕ. ಕೂಡಲೇ ಆ ಫೈಲ್ ಮಾಡಿ 'ಆಯಿತು' ಅಂತ ಬರೆದು, ಆಮೇಲೆ ಕೆಲಸ ಶುರು ಮಾಡುತ್ತದೆ. ಇದು ಹೇಗೆ ಗೊತ್ತಾ, ರಾತ್ರಿ ಹಿಟ್ಟು ರುಬ್ಬುವವನು ಮೊದಲು ಸ್ಲೇಟಿನಲ್ಲಿ 'ರುಬ್ಬಿದೆ' ಅಂತ ಬರೆದು ಆಮೇಲೆ ಗ್ರೈಂಡರ್ ಸ್ವಿಚ್ ಹಾಕಿದ ಹಾಗೆ. ಮಧ್ಯೆ ಕರೆಂಟ್ ಹೋದರೆ, ಬೆಳಗ್ಗೆ ಬಂದ ಭಟ್ಟರು ಸ್ಲೇಟ್ ನೋಡುತ್ತಾರೆಯೇ ಹೊರತು ಪಾತ್ರೆ ನೋಡುವುದಿಲ್ಲ. ಸ್ಲೇಟಿನಲ್ಲಿ ಕೊನೆಗೆ ಬರೆಯಬೇಕು. ಅದಕ್ಕಿಂತ ಒಳ್ಳೆಯದು, ಒಂದೇ 'ಆಯಿತು' ಬೇಡ, ಒಂದೊಂದು ಕೆಲಸಕ್ಕೂ ಅದು ಆಗಿದೆಯಾ ಇಲ್ಲವಾ ಅಂತ ಪಾತ್ರೆಯನ್ನೇ ನೋಡುವುದು. ಇಡ್ಲಿ ಮೊದಲೇ ಇದ್ದರೆ ಮತ್ತೆ ಸೇರಿಸದಿರುವುದು, ಉಪ್ಪು ಹಾಕಿದೆಯಾ ಅಂತ ರುಚಿ ನೋಡಿ ಹಾಕುವ ಹಾಗೆ.

ಇನ್ನೂ ಹೊಟ್ಟೆ ಉರಿಸಿದ್ದು ಬೇರೆ. ಡೇಟಾ ಫೈಲನ್ನು ನೋಟ್‌ಪ್ಯಾಡಿನಲ್ಲಿ ಎಳೆದು ನೋಡಿದೆ, ಮೊದಲಿಗೇ 'ಎಸ್‌ಕ್ಯೂಲೈಟ್ ಫಾರ್ಮ್ಯಾಟ್ 3' ಅಂತಿದೆ, ಅಂದರೆ ಪುಕ್ಕಟೆ ಸಿಗುವ ಒಂದು ಡೇಟಾಬೇಸ್. ಎಸ್‌ಕ್ಯೂಲೈಟಿನಲ್ಲಿ 142 ಐಟಮ್ಮನ್ನೂ ಒಂದೇ ವ್ಯವಹಾರ (ಟ್ರಾನ್ಸಾಕ್ಷನ್) ಅಂತ ಕಟ್ಟಿ ಕೊಟ್ಟರೆ, ಮಧ್ಯೆ ಕರೆಂಟ್ ಹೋದರೂ ಪೂರ್ತಿ ಸೇರಿರುತ್ತದೆ ಇಲ್ಲ ಒಂದೂ ಸೇರಿರುವುದಿಲ್ಲ, ಅರ್ಧ ಅನ್ನುವ ಮಾತೇ ಇಲ್ಲ. ತೆವಳುವುದೂ ತಪ್ಪುತ್ತದೆ, ಒಂದೊಂದು ಸಾಲಿಗೂ ಡಿಸ್ಕ್ ಕಾಯಬೇಕಾಗಿಲ್ಲವಲ್ಲ. ಯಾವ ವರ್ಷನ್ನಿನ ತನಕ ಕೆಲಸ ಆಗಿದೆ ಅಂತ ಬರೆದಿಡುವುದಕ್ಕೆ ಆ ಫೈಲಿನ ತಲೆಯಲ್ಲೇ 4 ಬೈಟ್ ಜಾಗವನ್ನೂ ಎಸ್‌ಕ್ಯೂಲೈಟ್ ಮಾಡಿದವರು ಬಿಟ್ಟುಕೊಟ್ಟಿದ್ದಾರೆ, ಯೂಸರ್ ವರ್ಷನ್ ಅಂತ. ಬಿಟ್ಟಿ ಸಿಕ್ಕಿದ್ದನ್ನು ಬಳಸುವುದಕ್ಕೂ ಸೋಮಾರಿತನವಾ?

ಹೇಗೋ ಮುಗಿಸಿ, ಒಂದು ಟೆಸ್ಟ್ ಬಿಲ್ ಹೊಡೆದು, 3 ಇಂಚಿನ ಪ್ರಿಂಟರಿನಿಂದ ಚೀಟಿ ಬಂದ ಮೇಲೆ ಲೋಕಲ್ ಹಿಡಿದು ಮನೆಗೆ ಹೋದೆ. ಜಿಎಸ್‌ಟಿ ಕೇಂದ್ರಕ್ಕೆ ಶೇಕಡಾ 2.5, ರಾಜ್ಯಕ್ಕೆ 2.5, ಎಲ್ಲ ಸರಿ.

ಬೆಳಗ್ಗೆ ಎಂಟಕ್ಕೆ ಮಾವನ ಫೋನ್. ದನಿಯಲ್ಲಿ ಸಿಟ್ಟಿಲ್ಲ, ಅದೇ ಭಯ. "ನೀನು ನಿನ್ನೆ ಎಂತ ಮಾಡಿ ಹೋದದ್ದು?"

ಆಗಿದ್ದು ಇಷ್ಟು. ಆ ಕಂಪ್ಯೂಟರಿನಲ್ಲಿ ಎರಡು ಲಾಗಿನ್ ಇವೆ. ಒಂದು ಮಾವನದ್ದು, ಅದರಲ್ಲಿ ಬ್ಯಾಂಕು, ಮೇಲ್ ಎಲ್ಲ ಇರುವುದರಿಂದ ಪಾಸ್‌ವರ್ಡ್ ಇದೆ. ಇನ್ನೊಂದು ಗಲ್ಲಾ ಹುಡುಗನದ್ದು. ನಾನು ರಾತ್ರಿ ಕೂತದ್ದು ಮಾವನದ್ದರಲ್ಲಿ. ಹುಡುಗ ಬೆಳಗ್ಗೆ ಆರಕ್ಕೆ ತನ್ನದನ್ನು ತೆರೆದ. ಸಾಫ್ಟ್‌ವೇರ್ ತನ್ನ ಕಂಪನಿ, ಮೆನು, 'ಆಯಿತು' ಅನ್ನುವ ಸ್ಲೇಟು ಎಲ್ಲವನ್ನೂ ಮಾವನ ಆಪ್‌ಡೇಟಾ ಫೋಲ್ಡರಿನ ಒಳಗೆ ಇಟ್ಟುಕೊಂಡಿತ್ತು. ಅದು ಒಬ್ಬೊಬ್ಬ ಯೂಸರಿಗೆ ಒಂದೊಂದು ಇರುವ ಜಾಗ. ಹುಡುಗನ ಲಾಗಿನ್ನಿನಲ್ಲಿ ಅದು ಖಾಲಿ. ಹಾಗಾಗಿ, ಸ್ವಾಗತ!

ಎದುರು ಆರು ಜನ ಸಾಲಿನಲ್ಲಿ, ಎಲ್ಲರಿಗೂ 6:22ರದೋ 6:31ರದೋ ಲೋಕಲ್ ಹಿಡಿಯುವ ಅವಸರ. ಹುಡುಗ ಬೈಂದೂರು ಕಡೆಯವನು, ಚುರುಕು. ಆಮೇಲೆ ಕೇಳಿದಾಗ ಹೇಳಿದ, "ಅದು ಕೇಳ್ತಾ ಹೋಯ್ತು ಅಣ್ಣ, ನಾನು ನೆಕ್ಸ್ಟ್ ಕೊಡ್ತಾ ಹೋದೆ." ನಾನಾದರೂ ಅದನ್ನೇ ಮಾಡುತ್ತಿದ್ದೆ. ಹನ್ನೊಂದು ನೆಕ್ಸ್ಟ್ ಒತ್ತಿದ ಮೇಲೆ ಹೊಸ ಕಂಪನಿ ತಯಾರಾಯಿತು. ಹೆಸರು 'ಮೈ ಕಂಪನಿ'. ರಾಜ್ಯ ಅಂಡಮಾನ್ ಮತ್ತು ನಿಕೋಬಾರ್. ಬಿಲ್ ನಂಬರ್ 1.

ಮೆನುವಿನ ಜಾಗದಲ್ಲಿ 'ಸ್ಯಾಂಪಲ್ ಐಟಮ್ 1', 'ಸ್ಯಾಂಪಲ್ ಐಟಮ್ 2'. ಹುಡುಗ ಅದಕ್ಕೇ ರೇಟು ಹಾಕಿ ಹಾಕಿ 37 ಬಿಲ್ ಹೊಡೆದಿದ್ದಾನೆ. ಅಂಡಮಾನ್ ಕೇಂದ್ರಾಡಳಿತ ಪ್ರದೇಶವಾದ್ದರಿಂದ ಅಲ್ಲಿ ರಾಜ್ಯದ ಪಾಲಿನ ಎಸ್‌ಜಿಎಸ್‌ಟಿ ಅಲ್ಲ, ಅದರ ಬದಲು ಯುಟಿಜಿಎಸ್‌ಟಿ. ಸಾಫ್ಟ್‌ವೇರ್ ಆ ವಿಷಯದಲ್ಲಿ ಭಾರೀ ಜಾಣ, ಅದನ್ನು ಸರಿಯಾಗಿಯೇ ಮುದ್ರಿಸಿದೆ. ಡೊಂಬಿವ್ಲಿಯ ಇಡ್ಲಿಗೆ ಅಂಡಮಾನಿನ ತೆರಿಗೆ! ದಿನಾ ಬರುವ ಒಬ್ಬ ರಿಟೈರ್ಡ್ ಮರಾಠಿ ಗಿರಾಕಿ ಕನ್ನಡಕ ಏರಿಸಿ ಚೀಟಿ ಓದಿ ಮಾವನಿಗೆ ಕೇಳಿದರಂತೆ, "ಅಣ್ಣಾ, ಅಂದಮಾನಲಾ ಕಧೀ ಗೇಲಾತ?" ಅಂಡಮಾನಿಗೆ ಯಾವಾಗ ಹೋದಿರಿ ಅಂತ.

ಎಲ್ಲರಿಗೂ ಸೇರಿದ ಡೇಟಾ ಇಡಲು ವಿಂಡೋಸಿನಲ್ಲಿ ಪ್ರೋಗ್ರಾಮ್‌ಡೇಟಾ ಅಂತ ಬೇರೆ ಫೋಲ್ಡರ್ ಇದೆ. ಹೋಟೆಲಿನ ಹೆಸರು, ಮೆನು, ಬಿಲ್ ನಂಬರ್ ಎಲ್ಲ ಅಲ್ಲಿಗೆ ಸೇರಬೇಕಾದ್ದು. ಅಕ್ಷರ ಎಷ್ಟು ದೊಡ್ಡದಾಗಿ ಕಾಣಬೇಕು, ಭಾಷೆ ಯಾವುದು ಅನ್ನುವಂಥದ್ದು ಮಾತ್ರ ಆಯಾ ಯೂಸರಿನ ಆಪ್‌ಡೇಟಾಗೆ. ಡೇಟಾವನ್ನು ಪ್ರೋಗ್ರಾಮ್ ಕೂರುವ ಪ್ರೋಗ್ರಾಮ್ ಫೈಲ್ಸ್ ಫೋಲ್ಡರಿನ ಒಳಗೇ ಇಟ್ಟುಕೊಳ್ಳುವ ಹಳೇ ಚಾಳಿ 2007ರಲ್ಲಿ ವಿಸ್ಟಾ ಬಂದಾಗಿನಿಂದ ನಡೆಯುವುದಿಲ್ಲ, ಸಾಮಾನ್ಯ ಯೂಸರಿಗೆ ಅಲ್ಲಿ ಬರೆಯಲು ಬಿಡುವುದಿಲ್ಲ. ಇವರು ಅಷ್ಟು ಕಲಿತಿದ್ದಾರೆ. ಅಲ್ಲಿಂದ ಎದ್ದು ಪಕ್ಕದ ಮನೆಗೆ ಹೋಗುವ ಬದಲು ಯಾರದೋ ಬೆಡ್‌ರೂಮಿಗೆ ಹೋಗಿ ಕೂತಿದ್ದಾರೆ, ಅಷ್ಟೇ.

ಸಪೋರ್ಟಿಗೆ ವಾಟ್ಸಾಪ್ ಮಾಡಿದೆ. ನಲವತ್ತು ನಿಮಿಷಕ್ಕೆ ಉತ್ತರ ಬಂತು, ಅದಕ್ಕೆ ಮಾರ್ಕ್ ಕೊಡುತ್ತೇನೆ. ಉತ್ತರ ಏನು? ಅನ್‌ಇನ್‌ಸ್ಟಾಲ್ ಮಾಡಿ, ಮತ್ತೆ ಇನ್‌ಸ್ಟಾಲ್ ಮಾಡಿ. ಮಾಡಿದೆ. ಈ ಸಲ ಎರಡು ಲಾಗಿನ್ನಿನಲ್ಲೂ ಸ್ವಾಗತ ಬರಲೇ ಇಲ್ಲ! ಯಾಕಂದರೆ ಅನ್‌ಇನ್‌ಸ್ಟಾಲ್ ಮಾಡಿದಾಗ ಆಪ್‌ಡೇಟಾ ಒಳಗಿನದ್ದು ಹಾಗೇ ಉಳಿದಿತ್ತು, ಸ್ಲೇಟಿನಲ್ಲಿ 'ಆಯಿತು' ಅಂತಲೇ ಇತ್ತು. ಡೇಟಾ ಉಳಿಸುವುದು ತಪ್ಪಲ್ಲ, ಉಳಿಸಲೇಬೇಕು, ಗಿರಾಕಿಯ ಲೆಕ್ಕ ಅದು. ಆದರೆ ಸೆಟಪ್ ಮತ್ತೆ ಮಾಡಲು ಒಂದು ಬಟನ್ ಇರಬೇಕಲ್ವಾ? ಕೊನೆಗೆ ನಾನೇ ಆ ಫೈಲ್ ಹುಡುಕಿ, 1 ಇದ್ದಲ್ಲಿ 0 ಮಾಡಿ, ಹುಡುಗನ ಲಾಗಿನ್ನನ್ನು ಮಾವನ ಡೇಟಾ ಇರುವ ಫೋಲ್ಡರಿಗೆ ತಿರುಗಿಸಿ, ಆ ಫೋಲ್ಡರನ್ನೇ ಎಲ್ಲರೂ ಬರೆಯುವಂತೆ ತೆರೆದಿಟ್ಟೆ. ಮಾವನ ಮಗಳು ಸಂಜೆ ಕೂತು 37 ಬಿಲ್ಲನ್ನೂ ಸರಿಯಾದ ಕಂಪನಿಯಲ್ಲಿ ಮತ್ತೆ ಹಾಕಿದಳು. ಸಿಎಗೆ ಏನು ಹೇಳಿದರು ಅಂತ ನಾನು ಕೇಳಲು ಹೋಗಲಿಲ್ಲ.

ಚೆನ್ನಾಗಿ ಮಾಡುವವರಿಲ್ಲವಾ ಅಂದರೆ ಇದ್ದಾರೆ, ಅದೂ ಪುಕ್ಕಟೆ ಕೊಡುವವರು. ಹಾಡು, ವಿಡಿಯೋ ಹಾಕುವ ವಿಎಲ್‌ಸಿ ನೋಡಿ. ವಿಂಡೋಸಿನಲ್ಲಿ ಮೊದಲ ಸಲ ತೆರೆದರೆ ಒಂದೇ ಚಿಕ್ಕ ಕಿಟಕಿ. ಹಾಡಿನ ವಿವರ ಇಂಟರ್ನೆಟ್ಟಿನಿಂದ ತರಲಾ, ಹೊಸ ವರ್ಷನ್ ಬಂದಿದೆಯಾ ನೋಡಲಾ, ಇವೆರಡೇ ಪ್ರಶ್ನೆ. ಯಾಕೆಂದರೆ ಇವೆರಡನ್ನು ಮಾತ್ರ ಅದು ನಮ್ಮನ್ನು ಕೇಳದೆ ಮಾಡಬಾರದು. ಮೇಲ್ ಓದುವ ಥಂಡರ್‌ಬರ್ಡ್ ನಮ್ಮ ಹೆಸರು, ಈಮೇಲ್ ವಿಳಾಸ, ಪಾಸ್‌ವರ್ಡ್ ಕೇಳಿ, ಸರ್ವರ್ ಯಾವುದು, ಪೋರ್ಟ್ ಎಷ್ಟು ಅಂತ ತಾನೇ ಹುಡುಕಿಕೊಳ್ಳುತ್ತದೆ, ಸಿಗದಿದ್ದರೆ ಮಾತ್ರ ನಮ್ಮ ಕಡೆ ನೋಡುತ್ತದೆ. ಜಿಎಸ್‌ಟಿ ನಂಬರಿನಿಂದ ರಾಜ್ಯ ತಿಳಿದುಕೊಳ್ಳುವುದು ಅದಕ್ಕೆ ಹೋಲಿಸಿದರೆ ಮಗುವಿನ ಆಟ.

ನನಗೆ ಇಷ್ಟವಾದದ್ದು ಕ್ಯಾಲಿಬರ್. ಈ-ಪುಸ್ತಕ ಜೋಡಿಸಿಡುವ ಸಾಫ್ಟ್‌ವೇರ್, 2006ರಲ್ಲಿ ಸೋನಿ ಕಂಪನಿಯ ಒಂದು ಈ-ಪುಸ್ತಕ ಓದುವ ಸಾಧನಕ್ಕಾಗಿ (ರೀಡರ್) ಶುರು ಮಾಡಿದ್ದು ನಮ್ಮ ದೇಶದವರೇ ಆದ ಕೋವಿದ್ ಗೋಯಲ್. ಮೊದಲ ಸಲ ತೆರೆದಾಗ ಭಾಷೆ ಯಾವುದು, ಪುಸ್ತಕ ಎಲ್ಲಿಡಲಿ ಅಂತ ಕೇಳುತ್ತದೆ. ಆಮೇಲೆ ನಿಮ್ಮ ಹತ್ತಿರ ಯಾವ ರೀಡರ್ ಇದೆ ಅಂತ. ಹೆಚ್ಚುಕಡಿಮೆ ಅಷ್ಟೇ. ಹಳೇ ಕಂಪ್ಯೂಟರಿನಿಂದ ಲೈಬ್ರರಿ ಫೋಲ್ಡರನ್ನು ತಂದು ಅದನ್ನೇ ತೋರಿಸಿದರೆ, ಓ ಇಲ್ಲಿ ಮೊದಲೇ ಪುಸ್ತಕಗಳಿವೆ ಅಂತ ಗುರುತು ಹಿಡಿದು ಅದನ್ನೇ ತೆರೆಯುತ್ತದೆ, ಹೊಸದು ಮಾಡುವುದಿಲ್ಲ. ಆ ಸ್ವಾಗತದ ಕಿಟಕಿ ಮತ್ತೆ ಬೇಕಿದ್ದರೆ ಪ್ರಿಫರೆನ್ಸಸ್ ಮೆನುವಿನಲ್ಲೇ ಇದೆ. ಅದರ ಮೇಲೆ ನನಗಿರುವ ಒಂದೇ ಸಿಟ್ಟು, ಕನ್ನಡ ಪುಸ್ತಕ ಹಾಕಿದರೆ ಫೋಲ್ಡರಿನ ಹೆಸರನ್ನು ಇಂಗ್ಲಿಷ್ ಅಕ್ಷರಕ್ಕೆ ತಿರುಗಿಸಿ, ಓದಿದರೆ ನಗು ಬರುವ ಹಾಗೆ ಮಾಡಿಡುತ್ತದೆ. ಇರಲಿ, ಅದು ಬೇರೆ ಜಗಳ.

ಬಿಲ್ಲಿಂಗ್ ಸಾಫ್ಟ್‌ವೇರಿಗೂ ಇಷ್ಟು ಸಾಕಿತ್ತು. ಮೊದಲು ಹೆಸರು ಮತ್ತು ಜಿಎಸ್‌ಟಿ ನಂಬರ್, ಬಿಲ್ ಎಷ್ಟನೇ ನಂಬರಿನಿಂದ, ಮೆನು ಎಲ್ಲಿದೆ. ಪ್ರಿಂಟರ್ ಯಾವುದು ಅಂತ ಮೊದಲ ಬಿಲ್ ಹೊಡೆಯುವಾಗ ಕೇಳಲಿ, ಆಗ ನಮಗೂ ಕೇಳಿದ್ದು ಯಾಕೆ ಅಂತ ಗೊತ್ತಾಗುತ್ತದೆ. ಲೋಗೋ, ಬಣ್ಣ ಯಾವತ್ತೂ ಕೇಳದಿದ್ದರೂ ನಡೆಯುತ್ತದೆ.

ಇಷ್ಟೆಲ್ಲ ಬೈದರೂ ಅದನ್ನು ತೆಗೆದುಹಾಕಿಲ್ಲ. ಯಾಕಂದರೆ ಆ ಎರಡು ದಿನ ದಾಟಿದ ಮೇಲೆ ಅದು ಒಳ್ಳೆಯ ಕೆಲಸಗಾರ. ಮೂರು ಕೀ ಒತ್ತಿದರೆ ಬಿಲ್. ಕೆಒಟಿ, ಅಂದರೆ ಅಡಿಗೆಯವರಿಗೆ ಹೋಗುವ ಆರ್ಡರ್ ಚೀಟಿ, ಅಡಿಗೆಮನೆಯ ಪ್ರಿಂಟರಿನಲ್ಲಿ ಕಣ್ಣು ಮಿಟುಕಿಸುವುದರೊಳಗೆ ಬರುತ್ತದೆ, ಆರ್ಡರ್ ತೆಗೆದುಕೊಳ್ಳುವ ಕ್ಯಾಪ್ಟನ್ ಒಳಗೆ ಹೋಗಿ ಕೂಗುವುದು ನಿಂತಿದೆ. ಪಾರ್ಸೆಲ್ ಬೇರೆ, ಟೇಬಲ್ ಬೇರೆ ಲೆಕ್ಕ. ರಾತ್ರಿ ಗಲ್ಲಾ ಎಣಿಸಿದಾಗ ದುಡ್ಡು ಮತ್ತು ಪರದೆ ಒಂದೇ ಹೇಳುತ್ತವೆ, ಹಳೇ ಮೆಷಿನ್ನಿನಲ್ಲಿ ಇದು ವಾರಕ್ಕೊಮ್ಮೆ ಆಗುತ್ತಿದ್ದ ಪವಾಡ. ಇಂಟರ್ನೆಟ್ ಇಲ್ಲದಿದ್ದರೂ ನಡೆಯುತ್ತದೆ. ದಿನದ ಕೆಲಸಕ್ಕೆ ಐದರಲ್ಲಿ ನಾಲ್ಕು ಸ್ಟಾರ್ ಕೊಡುತ್ತೇನೆ, ಮೊದಲ ಸಲ ತೆರೆಯುವುದಕ್ಕೆ ಒಂದು, ಅದೂ ಸಪೋರ್ಟಿನವರು ನಲವತ್ತು ನಿಮಿಷದಲ್ಲಿ ಉತ್ತರ ಕೊಟ್ಟದ್ದಕ್ಕೆ.

ನೀವು ಇಂಥದ್ದೇನಾದರೂ ಹಾಕಿಸುವುದಿದ್ದರೆ, ದಿನಾ ಬಿಲ್ ಹೊಡೆಯುವವನ ಲಾಗಿನ್ನಿನಲ್ಲೇ ಕೂತು ಸೆಟಪ್ ಮಾಡಿ, ಅವನನ್ನೂ ಪಕ್ಕದಲ್ಲಿ ಕೂರಿಸಿಕೊಳ್ಳಿ. ಮೊದಲೇ ಯುಪಿಎಸ್ ಬ್ಯಾಟರಿ ಬದಲಿಸಿ. ಮುಗಿದ ಮೇಲೆ ಕಂಪ್ಯೂಟರ್ ಆಫ್ ಮಾಡಿ, ಆನ್ ಮಾಡಿ, ಎರಡು ಬಿಲ್ ಹೊಡೆದು ಮೇಲಿನಿಂದ ಕೆಳಗಿನ ತನಕ ಓದಿ. ರಾಜ್ಯದ ಹೆಸರನ್ನೂ ಬಿಡದೆ.

ಕಳೆದ ವಾರ ಹೊಸ ವರ್ಷನ್ ಬಂತು. ಬೆಳಗ್ಗೆ ಎಂಟೂಕಾಲಿಗೆ, ಪೂರ್ತಿ ರಶ್ಶಿನಲ್ಲಿ, 'ಹೊಸತೇನಿದೆ ನೋಡಿ' ಅಂತ ಒಂದು ಕಿಟಕಿ ಹಾರಿ ಬಂತಂತೆ. ಹುಡುಗ ನೆಕ್ಸ್ಟ್ ಒತ್ತಲಿಲ್ಲ. ಎರಡೂ ಕೈ ಮೇಲೆತ್ತಿ, "ಶೇಟ್, ಮತ್ತೆ ಬಂತು!" ಅಂತ ಕೂಗಿದನಂತೆ. ಮಾವ ಮೂರು ವರ್ಷದ ದುಡ್ಡು ಒಟ್ಟಿಗೆ ಕಟ್ಟಿದರೆ ರಿಯಾಯಿತಿ ಇದೆಯಂತೆ, ಕಟ್ಟಲಾ ಅಂತ ಕೇಳಿದರು. ಸದ್ಯಕ್ಕೆ ಒಂದು ವರ್ಷದ್ದು ಸಾಕು ಅಂದಿದ್ದೇನೆ. ಅಂಡಮಾನಿನ ಒಂದು ಚೀಟಿ ಮಾತ್ರ ಇನ್ನೂ ಗಲ್ಲಾದ ಗಾಜಿನ ಕೆಳಗಿದೆ, ಬಿಲ್ ನಂಬರ್ 4, ಸ್ಯಾಂಪಲ್ ಐಟಮ್ 1, ಎರಡು ಪ್ಲೇಟ್.